ಹೊಟ್ಟೆಯ ಕೊಬ್ಬಿನಿಂದ ಕಣ್ಣು

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಗುಣವಾಗದ ಕಾಯಿಲೆ ಎಂಬುದೇ ಇಲ್ಲ. ಸಕ್ಕರೆ ಕಾಯಿಲೆ ಬೆಂಡೆಕಾಯಿ ನೀರಿಗೆ ಹೆದರಿ ಓಡಿಹೋಗಿದೆ, ಕಿಡ್ನಿಯ ಕಲ್ಲು ಬಾಳೆದಿಂಡಿನ ರಸಕ್ಕೆ ಕರಗಿದೆ. ಇಷ್ಟಾದರೂ ಗುಂಪಿನ ಅರ್ಧ ಜನ ಮಂಗಳೂರಿನ ಆಸ್ಪತ್ರೆಗಳಲ್ಲಿ ಟೋಕನ್ ಹಿಡಿದು ಯಾಕೆ ಕೂತಿರುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಈ ಗುಂಪಿನ ಧನ್ವಂತರಿ ನನ್ನ ಭಾವ, ಅಕ್ಕನ ಗಂಡ. ಕಳೆದ ವರ್ಷ ಅವರು ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಕಂಡುಹಿಡಿದರು.

ಅಕ್ಕನಿಗೆ ಕಣ್ಣಿನ ಒಳಪರದೆ ಸವೆಯುವ ಕಾಯಿಲೆ. ಮೊದಲು ಮುಸ್ಸಂಜೆಯಲ್ಲಿ ಎಡವುತ್ತಿದ್ದಳು, ಆಮೇಲೆ ಅಕ್ಕಪಕ್ಕದ್ದು ಕಾಣದಾಯಿತು. ಈಗ ಉಳಿದಿರುವುದು ನಡುವಿನ ಸ್ವಲ್ಪ ಜಾಗ, ಎದುರು ಕೂತವರ ಮುಖ ಹಿಡಿಯುವಷ್ಟು. ಗುರುವಾಯನಕೆರೆಯ ಹತ್ತಿರದ ಮನೆಯಲ್ಲಿ ಕೂತು ಈಗಲೂ ಬೀಡಿ ಕಟ್ಟುತ್ತಾಳೆ. ಅದಕ್ಕೆ ಅವಳಿಗೆ ಕಣ್ಣು ಬೇಡ, ಚಿಕ್ಕಂದಿನಿಂದ ಕಟ್ಟಿದ ಕೈ. ಎಲೆ ಕತ್ತರಿಸುವುದನ್ನು ಮಾತ್ರ ನೆರೆಮನೆಯವಳು ಮಾಡಿಕೊಡುತ್ತಾಳೆ. ನಾನು ಜೀವಶಾಸ್ತ್ರ ಓದಿ, ಮೂಡಬಿದಿರೆಯಲ್ಲಿ ಪಿಯು ಮಕ್ಕಳಿಗೆ ಪಾಠ ಮಾಡುವವಳಾದದ್ದು ಅವಳ ಬೀಡಿಯಿಂದಲೇ.

ಹೋದದ್ದನ್ನು ಮರಳಿ ತರುವ ಮದ್ದು ಸದ್ಯಕ್ಕೆ ತನಗೆ ಗೊತ್ತಿಲ್ಲ ಎಂದು ಮಂಗಳೂರಿನ ಕಣ್ಣಿನ ಡಾಕ್ಟರು ಹೇಳಿದ್ದರು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಒಪ್ಪಿಕೊಂಡ ಮೇಲೆ ಭಾವನ ಲೆಕ್ಕದಲ್ಲಿ ಅವರು ಡಾಕ್ಟರೇ ಅಲ್ಲ. ದೂರದ ಯಾವುದೋ ಶಹರದ ಒಂದು ಕ್ಲಿನಿಕ್ಕಿನ ವೆಬ್‌ಸೈಟಿಗೆ ಮಾತ್ರ ಎಲ್ಲವೂ ಗೊತ್ತಿತ್ತು. ಹೊಟ್ಟೆಯ ಕೊಬ್ಬನ್ನು ತೆಗೆದು, ಅದರಿಂದ ಕೋಶಗಳನ್ನು ಬೇರ್ಪಡಿಸಿ, ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚುವುದು. ಕಣ್ಣಿಗೆ ಮಾತ್ರ ಅಲ್ಲ, ಮೊಣಕಾಲು, ಸಕ್ಕರೆ ಕಾಯಿಲೆ, ಬೋಳುತಲೆ, ಮಾತು ಬಾರದ ಮಕ್ಕಳು, ಎಲ್ಲಕ್ಕೂ ಅದೇ ಕೊಬ್ಬು. ನಾವು ಇಷ್ಟು ಕಾಲ ಹೊಟ್ಟೆ ಕರಗಿಸಲು ಒದ್ದಾಡಿದ್ದೇ ದೊಡ್ಡ ತಪ್ಪು ಎಂದು ನನಗೆ ಆಗ ಅರ್ಥವಾಯಿತು.

ಭಾವ ತಾರೀಕನ್ನೂ ಗೊತ್ತುಮಾಡಿದ್ದರು. ವಿಷಯ ತಿಳಿದ ಭಾನುವಾರವೇ ನಾನು ಬಸ್ಸು ಹತ್ತಿ ಅವರ ಮನೆಗೆ ಹೋಗಿ, ಜಗಲಿಯಲ್ಲಿ ಕೂತು ಪಾಠ ಶುರು ಮಾಡಿದೆ. ರಕ್ತದ ಕೆಲವು ಕಾಯಿಲೆಗಳಿಗೆ ಇಂಥ ಕೋಶಗಳ ಚಿಕಿತ್ಸೆ ನಿಜವಾಗಿಯೂ ಇದೆ, ಆದರೆ ಅಕ್ಕನ ಕಾಯಿಲೆಗೆ ಅದು ಇನ್ನೂ ಪರೀಕ್ಷೆಯ ಹಂತ ದಾಟಿಲ್ಲ. ಪರೀಕ್ಷೆಯೇ ಆಗಿದ್ದರೆ ರೋಗಿಯಿಂದ ಹಣ ಕೇಳುವ ಹಾಗಿಲ್ಲ. ಕ್ಲಿನಿಕ್ಕಿನವರು ಎಲ್ಲೋ ಒಂದು ಪರೀಕ್ಷೆಗಳ ಪಟ್ಟಿಯಲ್ಲಿ ನೋಂದಣಿ ಮಾಡಿಸಿಕೊಂಡರೆ ಸರಕಾರ ಒಪ್ಪಿದೆ ಎಂದು ಅರ್ಥವಲ್ಲ. ಒಂದು ಕಣ್ಣು ಹೇಗಾಗುತ್ತದೆ ಎಂದು ಕಾದು ನೋಡದೆ ಎರಡಕ್ಕೂ ಚುಚ್ಚುವವರಿಗೆ ಕಣ್ಣಿಗಿಂತ ಅವಸರವೇ ದೊಡ್ಡದು.

"ನಮ್ಮದೇ ಕೋಶ ಅಲ್ವಾ ಮಾರಾಯ್ತಿ, ಅಡ್ಡಪರಿಣಾಮ ಇಲ್ಲ," ಎಂದರು ಭಾವ.

"ನಮ್ಮ ಉಗುಳು ಸಹ ನಮ್ಮದೇ ಭಾವ, ಅದನ್ನು ಯಾರೂ ಕಣ್ಣಿಗೆ ಚುಚ್ಚಿಸಿಕೊಳ್ಳುವುದಿಲ್ಲ," ಎಂದೆ.

ಭಾವ ಮೊಬೈಲ್ ತೆಗೆದು ಒಂದು ವಿಡಿಯೋ ಹಾಕಿದರು. ಅದರಲ್ಲಿ ಐವತ್ತು ದಾಟಿದ ಒಬ್ಬ ಗಂಡಸು, ನಾರಾವಿ ಕಡೆಯವನಂತೆ, ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು "ಎಂಕ್ ಇತ್ತೆ ಮಾತ ತೋಜುಂಡು" ಎನ್ನುತ್ತಿದ್ದ. ಈಗ ನನಗೆ ಎಲ್ಲ ಕಾಣುತ್ತದೆ ಎಂದು, ಅಚ್ಚ ತುಳುವಿನಲ್ಲಿ.

ಅಲ್ಲಿಗೆ ನನ್ನ ಜೀವಶಾಸ್ತ್ರ ಸೋತಿತು. ನಮ್ಮ ಕಡೆ ಮೋಸವೆಲ್ಲ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರಬೇಕು, ಕಚೇರಿಯಿಂದ, ಬ್ಯಾಂಕಿನ ಹೆಸರು ಹೇಳುವ ಫೋನಿನಿಂದ. ತುಳು ಮನೆಯ ಭಾಷೆ, ಅದರಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಭಾವ ಮತ್ತು ಅವರ ತಮ್ಮಂದಿರ ಆಸ್ತಿ ಜಗಳ ಆದಿಯಿಂದ ಅಂತ್ಯದವರೆಗೆ ತುಳುವಿನಲ್ಲೇ ನಡೆದಿತ್ತು, ಆದರೆ ಅದನ್ನು ನೆನಪಿಸುವ ಸಮಯ ಅದಾಗಿರಲಿಲ್ಲ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಚೆಕ್ಕರ್ ಒಂದು ಕಟ್ಟನ್ನು ಸರಿಯಿಲ್ಲ ಎಂದು ಬದಿಗಿಟ್ಟರೆ ಅವನ ಜೊತೆ ಅರ್ಧ ಗಂಟೆ ವಾದ ಮಾಡುವ ನನ್ನ ಅಕ್ಕ, "ನಮ್ಮ ಜನ ಅಲ್ವಾ, ಅವರು ಯಾಕೆ ಸುಳ್ಳು ಹೇಳ್ತಾರೆ?" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಸರಿ, ನಮ್ಮ ಜನವಾದರೆ ನಮ್ಮ ಜನರ ಹಾಗೆಯೇ ವಿಚಾರಿಸುವ ಎಂದು ಮುಂದಿನ ವಾರ ನಾರಾವಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಾತನಿಗೆ ವಿಡಿಯೋ ತೋರಿಸಿದರೆ, ಅವನು ಮೊದಲು ನನ್ನನ್ನು ವಿಚಾರಿಸಿದ. ನಿಮ್ಮ ಮನೆ ಎಲ್ಲಿ ಆಯಿತು, ತಾಯಿ ಮನೆ ಎಲ್ಲಿ, ಅಜ್ಜಿ ಯಾವ ಕಡೆಯವರು. ಮೂರನೇ ಪ್ರಶ್ನೆಗೆ ಅವನ ಅತ್ತೆಗೂ ನನ್ನ ಅಜ್ಜಿಗೂ ಸಂಬಂಧ ಸಿಕ್ಕಿತು. ನಾಲ್ಕನೆಯದಕ್ಕೆ ವಿಡಿಯೋದ ಗಂಡಸಿನ ಮನೆಯ ದಾರಿ ಸಿಕ್ಕಿತು. ಆ ಒಂದು ವಾರ ಇಂಟರ್ನೆಟ್ಟಿನಲ್ಲಿ ಕಣ್ಣು ಕೆಂಪಾಗಿಸಿಕೊಂಡದ್ದಕ್ಕಿಂತ ಇದು ಎಷ್ಟೋ ಸುಲಭ.

ಎಲ್ಲ ಕಾಣುವ ಆ ಮನುಷ್ಯ ಜಗಲಿಯಲ್ಲಿ ಕೂತಿದ್ದರು. ನಾನು ಎರಡು ಮಾರು ದೂರದಲ್ಲಿ ನಿಂತಾಗ, "ಯಾರದು, ಗಂಡಸಾ ಹೆಂಗಸಾ?" ಎಂದು ಕೇಳಿದರು. ನನ್ನ ಬಾಯಿಗೆ ಬರುತ್ತಿದ್ದ ಕೊಂಕು ಅಲ್ಲೇ ಒಣಗಿತು.

"ವಿಡಿಯೋ ಯಾವಾಗ ತೆಗೆದದ್ದು?" ಎಂದು ಕೇಳಿದೆ.

"ಚುಚ್ಚಿ ಮೂರನೇ ದಿನ. ಪಟ್ಟಿ ಬಿಚ್ಚುವಾಗ ಬೆಳಕು ಕಂಡಿತು. ಎಲ್ಲ ಸರಿಯಾಗ್ತದೆ ಅಂತ ಅವರು ಹೇಳಿದ್ರು, ಸರಿಯಾಯ್ತು ಅಂತ ನಾನು ಹೇಳಿದೆ. ಸುಳ್ಳು ಹೇಳಿದ್ದಲ್ಲ. ಆವತ್ತು ನನಗೆ ಹಾಗೇ ಕಂಡದ್ದು."

"ಆಮೇಲೆ?"

"ಒಂದು ತಿಂಗಳಲ್ಲಿ ಇದ್ದದ್ದೂ ಹೋಯಿತು. ಫೋನ್ ಮಾಡಿದ್ರೆ, ಇನ್ನೊಮ್ಮೆ ಚುಚ್ಚಬೇಕು ಅಂತಾರೆ."

ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಯಾರು ಕೇಳಿದ್ದಾರೆ? ಬಂದವರೆಲ್ಲ ಕ್ಲಿನಿಕ್ಕಿನ ನಂಬರ್ ಕೇಳಿಕೊಂಡು ಹೋಗ್ತಾರೆ. ಕಣ್ಣು ಹೇಗುಂಟು ಅಂತ ಕೇಳಿದ್ದು ನೀವೇ ಮೊದಲು," ಎಂದರು. ಅವರ ಮಾತನ್ನು ಅವರದೇ ಒಪ್ಪಿಗೆಯಿಂದ ಮೊಬೈಲಿನಲ್ಲಿ ಹಿಡಿದುಕೊಂಡೆ. ಅದೂ ಅಚ್ಚ ತುಳುವಿನಲ್ಲಿ.

ವಾಪಸು ಬರುವಾಗ ಗುರುವಾಯನಕೆರೆಯಲ್ಲಿ ಇಳಿದು ನೇರ ಅಕ್ಕನ ಮನೆಗೆ ಹೋದೆ. ಅವಳು ಬೀಡಿಯ ಮೊರವನ್ನು ಬದಿಗೆ ಸರಿಸಿ, ಆ ಮಾತನ್ನು ಎರಡು ಸಲ ಕೇಳಿದಳು. ಭಾವ ಒಂದೇ ಸಲ ಕೇಳಿ ಎದ್ದು ಅಂಗಳಕ್ಕೆ ಹೋದರು. ಆ ಕ್ಷಣ ನನಗಾದ ಖುಷಿಯನ್ನು ಈಗ ಹೇಳಲು ನಾಚಿಕೆಯಾಗುತ್ತದೆ. ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೋಶ ಎಂದರೆ ಏನು, ಪರದೆ ಎಂದರೆ ಏನು, ಮೂರನೇ ದಿನದ ಮಾತನ್ನು ಯಾಕೆ ನಂಬಬಾರದು, ಮೂರು ತಿಂಗಳ ಮೇಲೆ ಏನಾಯಿತು ಎಂದು ಯಾಕೆ ಕೇಳಬೇಕು ಎಂದು ಬೋರ್ಡಿನ ಎದುರು ನಿಂತವಳ ಹಾಗೆ ಮುಂದುವರಿಸಿದೆ.

ಅಕ್ಕ ಪೂರ್ತಿ ಕೇಳಿದಳು. ಮುಖವನ್ನು ಸ್ವಲ್ಪ ಆಚೀಚೆ ತಿರುಗಿಸಿ, ಉಳಿದ ಆ ನಡುವಿನ ಜಾಗದಲ್ಲಿ ನನ್ನನ್ನು ಹಿಡಿದು ನೋಡಿದಳು.

"ಆಯ್ತು ಮಾರಾಯ್ತಿ, ನಾನು ಹೋಗುವುದಿಲ್ಲ. ಅದು ಸುಳ್ಳು ಅಂತ ನೀನು ಇಷ್ಟು ದಿನ ಹುಡುಕಿದಿ, ನಾರಾವಿಗೂ ಹೋಗಿ ಬಂದಿ. ಈ ಕಣ್ಣು ಇಟ್ಟುಕೊಂಡು ನಾನು ಇನ್ನು ಏನು ಮಾಡಬಹುದು ಅಂತ ಒಂದು ದಿನ ಹುಡುಕಿದ್ದುಂಟಾ?"

ಒಂದು ದಿನವೂ ಹುಡುಕಿರಲಿಲ್ಲ. 

ಮನೆಗೆ ಬಂದು ಕಂಪ್ಯೂಟರಿನ ಎದುರು ಕೂತೆ. ಕಣ್ಣು ಮಂದವಾದವರಿಗೆ ಕೋಲು ಹಿಡಿದು ನಡೆಯಲು, ಅಡುಗೆ ಮಾಡಲು, ಬಸ್ಸು ಹತ್ತಲು ಕಲಿಸುವವರು ಮಂಗಳೂರಿನಲ್ಲೇ ಇದ್ದರು. ಹುಡುಕಲು ಹಿಡಿದದ್ದು ಇಪ್ಪತ್ತು ನಿಮಿಷ. ಅಕ್ಕ ತನಗೆ ಕಾಣುವುದಿಲ್ಲ ಎಂದು ಹೇಳಲು ಶುರುಮಾಡಿ ಆಗ ಆರು ವರ್ಷ ಆಗಿತ್ತು.