ರತ್ನಮ್ಮ ಖಾಲಿ ಬಿಟ್ಟ ಎರಡು ದಿನ

ಹುಳುಮನೆಯೊಳಗೆ ಕಾಲಿಟ್ಟ ಕೂಡಲೇ ರತ್ನಮ್ಮ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ಇಪ್ಪತ್ತೇಳು" ಅಂದು, ಆಮೇಲೆ ಥರ್ಮಾಮೀಟರ್ ನೋಡುತ್ತಿದ್ದರು. ಅವರ ಅಂದಾಜು ಎಂದೂ ತಪ್ಪುತ್ತಿರಲಿಲ್ಲ ಎಂದು ಬರೆಯಲು ಆಸೆ. ತಪ್ಪುತ್ತಿತ್ತು. ಆಗ ನಕ್ಕು, ಥರ್ಮಾಮೀಟರ್ ಹೇಳಿದ್ದನ್ನೇ ಬಾಗಿಲ ಹಿಂದಿನ ಗ್ರಾಫ್ ಹಾಳೆಯಲ್ಲಿ ಚುಕ್ಕೆಯಾಗಿ ಇಡುತ್ತಿದ್ದರು.

ಜಂಗಮಕೋಟೆಯಲ್ಲಿ ಅವರದು ಚಾಕಿ ಕೇಂದ್ರ; ರೇಷ್ಮೆಯ ಮರಿಹುಳುಗಳನ್ನು ಮೊದಲ ಕೆಲವು ದಿನ ಸಾಕಿ ರೈತರಿಗೆ ಕೊಡುತ್ತಿದ್ದರು. ಅಂಥ ಕೇಂದ್ರಗಳ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸಿ ವರದಿ ಮಾಡುವುದು ನನ್ನ ಕೆಲಸ.

ಒಮ್ಮೆ ಹಾಳೆಯಲ್ಲೊಂದು ದಿನ ಖಾಲಿ ಇತ್ತು. "ಹಿಂದಿನ ದಿನ, ಮಾರನೇ ದಿನ ಎರಡೂ ಇಪ್ಪತ್ತೇಳೇ ಅಲ್ವಾ ಅಕ್ಕ, ಸೇರಿಸಿಬಿಡಿ" ಅಂದೆ.

"ಏಮಪ್ಪಾ, ನಾನು ಮದುವೆಗೆ ಹೋಗಿದ್ದೆ. ನೀನು ಬಂದು ನೋಡಿದ್ಯಾ?"

"ಇಲ್ಲ."

"ಮತ್ತೆ? ನೋಡದೇ ಇರೋ ದಿನಕ್ಕೆ ಗೆರೆ ಎಳೀಬಾರ್ದು ಕಣಪ್ಪ. ಹುಳ ಬಾಯಿಬಿಟ್ಟು ಹೇಳಲ್ಲ ಅಂತ ನಾವು ಹೇಳಿಬಿಡೋದಾ?"

ಆ ಬೇಸಿಗೆಯಲ್ಲಿ ರತ್ನಮ್ಮ ತಂಗಿಯನ್ನು ಚಿಂತಾಮಣಿಯ ಆಸ್ಪತ್ರೆಗೆ ಸೇರಿಸಿ ಎರಡು ದಿನ ಅಲ್ಲೇ ಉಳಿದರು. ಹುಳುಗಳಿಗೆ ಸೊಪ್ಪು ಹಾಕಲು ಆಳೊಬ್ಬಳಿದ್ದಳು. ಥರ್ಮಾಮೀಟರ್ ಓದಲು ಅವಳಿಗೆ ಬರುತ್ತಿರಲಿಲ್ಲ. ನನ್ನ ವರದಿಯಲ್ಲಿ ಆ ಎರಡು ದಿನ ಬಿದ್ದ ಹಲ್ಲಿನ ಜಾಗದ ಹಾಗೆ ಕಂಡವು. ಒಂದು ಗುಂಡಿ ಒತ್ತಿದೆ. ಗೆರೆ ನುಣ್ಣಗೆ ಕೂಡಿಕೊಂಡಿತು.

ಆ ಸಲದ ಹುಳುಗಳು ರೈತರ ಮನೆ ಸೇರಿದ ಮೇಲೆ ಸತ್ತವು. ರೇಷ್ಮೆ ಇಲಾಖೆಯ ಸಾಹೇಬರು ನಡೆಸಿದ ವಿಚಾರಣೆಯಲ್ಲಿ ರತ್ನಮ್ಮ ತಾವಾಗಿಯೇ ಹೇಳಿದರು: "ಎರಡು ದಿನ ನಾನಿರ್ಲಿಲ್ಲ ಸಾರ್. ಒಳಗೆ ಬಿಸಿ ಏರಿತ್ತೋ ಏನೋ, ಗೊತ್ತಿಲ್ಲ. ತಪ್ಪು ನಂದೇ."

ಸಾಹೇಬರು ನನ್ನ ವರದಿ ತೆರೆದರು. "ಎರಡು ದಿನಾನೂ ಇಪ್ಪತ್ತೇಳು ಅಂತಿದೆ. ಇಲ್ದೇ ಇದ್ದೋರು ಹೆಂಗಮ್ಮ ಬರೆದ್ರಿ?"

"ನಾನು ಖಾಲಿ ಬಿಟ್ಟಿದ್ದೆ."

"ಹಂಗಾದ್ರೆ ಇಷ್ಟು ವರ್ಷ ಬರೆದಿದ್ದೆಲ್ಲ ಹಿಂಗೇನಾ?" ಅಂದ, ಹುಳು ಕಳೆದುಕೊಂಡಿದ್ದ ರೈತನೊಬ್ಬ.

ರತ್ನಮ್ಮ ಗೆರೆಯನ್ನು ನೋಡಿದರು, ಆಮೇಲೆ ನನ್ನನ್ನು. ಅವರ ಹಾಳೆ ನನ್ನ ಚೀಲದಲ್ಲೇ ಇತ್ತು. ನಾನು ತೆಗೆಯಲಿಲ್ಲ.

ರೈತರು ಬರುವುದು ನಿಂತಿತು, ಕೇಂದ್ರ ಮುಚ್ಚಿತು. ಕೊನೆಗೆ ಅವರನ್ನು ಕಂಡದ್ದು ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ. "ಅಮ್ಮ ಹೆಂಗವ್ರೆ?" ಎಂದು ಕೇಳಿ, ಎರಡು ಸೀಬೆಹಣ್ಣು ಕೈಗಿಟ್ಟರು. ಒಂದೇ ಇರಬಹುದು. ಅವರ ಬಸ್ಸು ಬಂತು.

ಅವರು ತೀರಿಕೊಂಡ ಮೇಲೆ ಆ ದಿನದ ನೆನಪು ಬೆಳೆಯತೊಡಗಿದೆ. ಬಸ್ಸಿನ ಕಿಟಕಿಯ ಹತ್ತಿರ ಓಡಿ, "ಆ ಗೆರೆ ಎಳೆದದ್ದು ನಾನು ಅಕ್ಕ" ಅನ್ನುತ್ತೇನೆ, ಅವರು ತಲೆಯಾಡಿಸುತ್ತಾರೆ. ಕಿಟಕಿಯ ಸರಳು ಕೂಡ ಕಾಣುತ್ತದೆ.

ನಾನು ಹೇಳಿರಲಿಲ್ಲ.