ನಕ್ಷೆಯ ಮೇಲಿನ ಟವೆಲ್

…ಅಥವಾ ಅದು ಕೆಂಪು ಚೌಕಡಿಯ ಟವೆಲ್ ಅಲ್ಲದೆಯೂ ಇರಬಹುದು. ಕೆಂಪು ಎಂದು ನಾನೇ ಯಾವಾಗಲೋ ಬಣ್ಣ ಹಚ್ಚಿಕೊಂಡಿರಬೇಕು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾದ ಫೋಟೋ ಕಪ್ಪು-ಬಿಳುಪಿನದು, ಅದರಲ್ಲಿ ಚೌಕಡಿ ಕಾಣುತ್ತದೆ, ಬಣ್ಣವಿಲ್ಲ. ಆದರೆ ಮೊನ್ನೆ ಹತ್ತರಗಿಯ ಹೋಟೆಲಿನಲ್ಲಿ ಕೈ ತೊಳೆಯಲು ಹೋದಾಗ ಮೊಳೆಗೆ ತೂಗುಬಿಟ್ಟ ಒದ್ದೆ ಟವೆಲ್ಲಿನ ವಾಸನೆ ಬಂತು. ಬೆವರು, ಸಾಬೂನು, ಅವುಗಳ ಹಿಂದೆ ಎಲ್ಲೋ ಒಣ ಮೇವು. ಕಣ್ಣ ಮುಂದೆ ಬಂದದ್ದು ಕೆಂಪೇ.

ಟವೆಲ್ ನಮ್ಮ ಚಾಚಾನದು. ಹುಕ್ಕೇರಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರು ಎಮ್ಮೆ ವ್ಯಾಪಾರದ ದಲಾಲರು. ಸಂತೆಯಲ್ಲಿ ಕೊಳ್ಳುವವನೂ ಮಾರುವವನೂ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಹೊದಿಸಿ, ಅದರಡಿಯಲ್ಲಿ ಬೆರಳು ಹಿಡಿದು ಹೇಳುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಅಲ್ಲಾಡುವ ಬಟ್ಟೆ ಮಾತ್ರ. ಚಾಚಾನ ಹೆಗಲಿನ ಮೇಲಿದ್ದದ್ದು ಆ ಟವೆಲ್.

ಆಗ ನಾನು ಗೋಕಾಕದ ಕಾಲೇಜಿನಲ್ಲಿ ಕಲಿಸಲು ಸೇರಿ ಹೆಚ್ಚು ದಿನವಾಗಿರಲಿಲ್ಲ. ನಿಸ್ತಂತು ಯಂತ್ರಗಳಲ್ಲಿ ಬೇಕಾದ ಸಂಕೇತವನ್ನು ಹಾಯಲು ಬಿಟ್ಟು ಬೇಡವಾದದ್ದನ್ನು ತಡೆಯುವ ಒಂದು ಫಿಲ್ಟರ್ ವಿನ್ಯಾಸ ಮಾಡಿದ್ದೆ. ತಾಮ್ರದ ಪದರು, ಅದರ ಮೇಲೆ ನಿರೋಧಕದ ಪದರು, ಮತ್ತೆ ತಾಮ್ರ. ಹಾಗೆ ಒಂದರ ಮೇಲೊಂದು. ಹೊರಗಿನಿಂದ ನೋಡಿದರೆ ಅದೊಂದು ದಪ್ಪ ಬಿಸ್ಕತ್ತು. ಹೊಸತನವಿದ್ದದ್ದು ಒಳಗೆ: ಮೂರನೆಯ ಪದರಿನಲ್ಲಿ ಕಿಂಡಿಯನ್ನು ಎಲ್ಲಿ ಕೊರೆದಿದ್ದೇನೆ, ಯಾವ ಪದರನ್ನು ಯಾವುದಕ್ಕೂ ಜೋಡಿಸದೆ ಬಿಟ್ಟಿದ್ದೇನೆ ಎಂಬುದರಲ್ಲಿ. ಕಾಲೇಜಿನ ಪ್ರದರ್ಶನಕ್ಕೆಂದು ಅದರ ದೊಡ್ಡ ಮಾದರಿಯೊಂದನ್ನು ಹುಕ್ಕೇರಿಯ ಮನೆಯಲ್ಲಿ ಅಂಟಿಸಿದೆ. ಜೊತೆಗೆ ಎಲ್ಲ ಪದರುಗಳನ್ನೂ ಬಿಡಿಸಿ ತೋರಿಸುವ ನಕ್ಷೆಯೊಂದನ್ನು ಬರೆದೆ.

ಮಾದರಿಯ ಅಂಟು ಇನ್ನೂ ಒಣಗಿರಲಿಲ್ಲ, ಬಸ್ಸಿನಲ್ಲಿ ಒಯ್ಯುವಂತಿರಲಿಲ್ಲ. ಚಾಚಾ ಮುಧೋಳ… ಅಲ್ಲ, ಮೂಡಲಗಿ ಸಂತೆಗೆ ಟೆಂಪೋ ಹೊರಡಿಸಿದ್ದರು, ಗೋಕಾಕ ದಾರಿಯಲ್ಲೇ. ಹಿಂದೆ ಮೇವು ಹಾಸಿ ಅದರ ಮೇಲೆ ಮಾದರಿಯನ್ನು ಇಡಿಸಿದರು.

"ಗಬ್ಬದ ಎಮ್ಮಿ ಒಯ್ದಂಗ ಒಯ್ತೇನಿ, ನೀ ಹೆದರಬ್ಯಾಡ ಬೇಟಿ. ಖರೆ, ಇದು ಮಾಡೂದರ ಏನ?"

"ಬ್ಯಾಡಾದ ಸದ್ದು ತಡೀತೈತ್ರಿ ಚಾಚಾ."

"ಹಂಗಾರ ಸಂತ್ಯಾಗ ನನಗೊಂದ ಬೇಕ ನೋಡ."

ಇಷ್ಟು ನಡೆದದ್ದು ಖಂಡಿತ. ಏಕೆಂದರೆ ಮಾದರಿಯ ಅಂಟಿನಲ್ಲಿ ಮೇವಿನ ಎಳೆಯೊಂದು ಸಿಕ್ಕಿಕೊಂಡು ಒಣಗಿದೆ. ಇವತ್ತಿಗೂ ನನ್ನ ಮೇಜಿನ ಮೇಲಿರುವ ಆ ಮಾದರಿಯಲ್ಲಿ ಅದು ಹಾಗೆಯೇ ಇದೆ. ಮುಂದಿನದಕ್ಕೆ ಇಂಥ ಸಾಕ್ಷಿಯಿಲ್ಲ.

ಪ್ರದರ್ಶನದಲ್ಲಿ ಗೋಡೆಗೆ ತೂಗುಹಾಕಿದ್ದ ನನ್ನ ನಕ್ಷೆಯ ಮೇಲೆ ಚಾಚಾನ ಟವೆಲ್ ಬಿತ್ತು. ಬಹುಮಾನಕ್ಕೆ ಆರಿಸಲು ಬಂದವರೊಬ್ಬರು, "ಏನ್ರಿ ಮೇಡಮ್ಮಾರ, ಇಲ್ಲಿ ಅರಿವಿ ಒಣಗಾಕ ಹಾಕೀರೇನ್ರಿ?" ಎಂದು ನಕ್ಕು ಮುಂದಿನ ಮೇಜಿಗೆ ಹೋದರು. ಬಹುಮಾನ ಬರಲಿಲ್ಲ. ಟವೆಲ್ ತೆಗೆಯದೆ ನಾನು ಸುಮ್ಮನೆ ಯಾಕೆ ನಿಂತಿದ್ದೆನೋ… ದೊಡ್ಡವರ ಬಟ್ಟೆಯನ್ನು ಎಳೆದು ಬಿಸಾಡುವುದು ಹೇಗೆ ಎಂದಿರಬಹುದು.

ಕೆಲವು ವಾರಗಳಾದ ಮೇಲೆ ಪೇಟೆಂಟಿಗೆ ಅರ್ಜಿ ಹಾಕಿದೆ. ವರ್ಷಗಳು ಹೋದವು. ಚಾಚಾ ಹೋದರು. ಅರ್ಜಿ ಇನ್ನೂ ಪರಿಶೀಲನೆಯಲ್ಲಿದ್ದಾಗ ಒಂದು ಕಂಪನಿ ಎದುರರ್ಜಿ ಹಾಕಿತು. ಈ ವಿನ್ಯಾಸ ಹೊಸದಲ್ಲ, ಅರ್ಜಿಗೆ ಮೊದಲೇ ಜನರೆದುರು ತೋರಿಸಿದ್ದಾರೆ ಎಂದು ಆ ವಾರ್ಷಿಕ ಸಂಚಿಕೆಯ ಫೋಟೋ ಲಗತ್ತಿಸಿತು. ನಿಯಮ ಅದೇ. ಅರ್ಜಿ ಹಾಕುವ ಮುಂಚೆ ಒಳಗಿನ ಗುಟ್ಟು ಬಯಲಾಗಿದ್ದರೆ ಪೇಟೆಂಟ್ ಇಲ್ಲ. ಆಗ ಯಾರು ಬೇಕಾದರೂ ಅದನ್ನು ಮಾಡಿ ಮಾರಬಹುದು, ಆ ಕಂಪನಿಯೂ. ನನ್ನ ಇಷ್ಟು ವರ್ಷದ ಕೆಲಸ ಆ ಒಂದು ದಿನದ ಮೇಲೆ ನಿಂತಿತು. ಫೋಟೋದಲ್ಲಿ ನಾನಿದ್ದೇನೆ, ಬಿಸ್ಕತ್ತಿನಂಥ ಮಾದರಿಯಿದೆ, ನಕ್ಷೆಯ ಮೇಲೆ ಟವೆಲ್ ಇದೆ. ಟವೆಲ್ ಬೀಳುವ ಮೊದಲು ನಕ್ಷೆಯನ್ನು ಯಾರಾದರೂ ನೋಡಿದ್ದರೇ? ಉಳಿದದ್ದು ಆ ಪ್ರಶ್ನೆ.

ನನ್ನ ಬಳಿ ಎರಡು ನೆನಪುಗಳಿವೆ. ಎರಡೂ ಅಷ್ಟೇ ಸ್ಪಷ್ಟ.

ಒಂದರಲ್ಲಿ ಮಧ್ಯಾಹ್ನ. ಚಾಚಾ ಮೂಡಲಗಿಯಿಂದ ಮರಳಿ ಬಂದಿದ್ದಾರೆ. ಬಿಳಿ ಅಂಗಿಯವನೊಬ್ಬ ನಕ್ಷೆಯ ಮೇಲೆ ಪೆನ್ನು ಊರಿ, "ಮೂರನೇ ಪದರಿನ್ಯಾಗ ಈ ಕಿಂಡಿ ಯಾಕ್ರಿ?" ಎಂದು ಕೇಳುತ್ತಿದ್ದಾನೆ. ಅಂದು ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ, ನಾನು ಹಿಗ್ಗಿ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಟವೆಲ್ ಬಂದು ನಕ್ಷೆಯನ್ನು ಮುಚ್ಚುತ್ತದೆ. "ಬಾಯಿ ತಗದ ಹಲ್ಲ ನೋಡಿದ್ದ ಸಾಕ್ರಿ ಸಾಹೇಬ್ರ. ತಗೊಳ್ಳಾವ್ರ ಹೌದೋ ಅಲ್ಲೋ ಅದನ್ನ ಹೇಳ್ರಿ." ಇದು ನನಗೆ ಪ್ರಿಯವಾದ ನೆನಪು. ಇದರಲ್ಲಿ ಚಾಚಾ ನನ್ನನ್ನು ಕಾಯುತ್ತಾರೆ. ಆದರೆ ಎಮ್ಮೆಯ ವಯಸ್ಸು ನೋಡುವ ಆ ಹಲ್ಲಿನ ಮಾತನ್ನು ಅವರು ಸಂತೆಯ ಸುದ್ದಿ ಹೇಳುವಾಗಲೆಲ್ಲ ಕಟ್ಟೆಯ ಮೇಲೆ ಕೂತು ಆಡುತ್ತಿದ್ದರು. ಅಲ್ಲಿಂದ ಎತ್ತಿ ನಾನೇ ಇಲ್ಲಿ ಅಂಟಿಸಿದ್ದರೆ?

ಇನ್ನೊಂದರಲ್ಲಿ ಮುಂಜಾನೆ. ಕೋಣೆಯಲ್ಲಿ ಇನ್ನೂ ಯಾರೂ ಇಲ್ಲ. ಮಾದರಿಯನ್ನು ಇಳಿಸಿದ ಚಾಚಾ ಕಾಲೇಜಿನ ನಳದಲ್ಲಿ ಮುಖ ತೊಳೆದು, ಒದ್ದೆ ಟವೆಲ್ಲನ್ನು ನಕ್ಷೆ ತೂಗುಹಾಕಿದ್ದ ಮೊಳೆಗೇ ಸಿಕ್ಕಿಸಿ ಹೊರಟುಬಿಡುತ್ತಾರೆ. ಇದರಲ್ಲಿ ಯಾವ ಮಾತೂ ಇಲ್ಲ, ಕಾಳಜಿಯೂ ಇಲ್ಲ. ಬರಿ ಒಣಗಲು ಹಾಕಿದ ಬಟ್ಟೆ.

ಪೇಟೆಂಟಿಗೆ ಬೇಕಾದದ್ದು ಈ ಎರಡನೆಯದು. ಮೊದಲನೆಯದು ನಿಜವಾದರೆ ಬಿಳಿ ಅಂಗಿಯವನು ನೋಡಿಯಾಗಿದೆ. ಅವರು ನನಗಾಗಿ ಕೈ ಚಾಚಿದ್ದು ನಿಜವಾದರೆ ನಾನು ಸೋತೆ, ಏನೂ ಯೋಚಿಸದೆ ಟವೆಲ್ ಮರೆತು ಹೋಗಿದ್ದರೆ ಗೆದ್ದೆ.

ತರ್ಕವನ್ನೂ ಮಾಡಿ ನೋಡಿದೆ. ಟವೆಲ್ ಇಲ್ಲದೆ ದಲಾಲ ಸಂತೆಗೆ ಹೋಗುತ್ತಾನೆಯೇ? ಹಾಗಾದರೆ ಮಧ್ಯಾಹ್ನವೇ. ಆದರೆ ಸಂಜೆ ಮನೆಗೆ ಮರಳುವಾಗ ಅವರು, "ಇವತ್ತ ಯಾಪಾರ ಆಗ್ಲಿಲ್ಲವಾ" ಎಂದ ನೆನಪಿದೆ. ಟವೆಲ್ ನನ್ನ ಮೊಳೆಯ ಮೇಲಿದ್ದುದಕ್ಕೇ ಆಗಲಿಲ್ಲವೇ? ಹಾಗಾದರೆ ಮುಂಜಾನೆ. ಈ ಗಂಟನ್ನು ಹೊತ್ತುಕೊಂಡು ಚಾಚಿಯ ಬಳಿ ಹೋದೆ.

"ಅವರ ಕಡೆ ಬರೇ ಒಂದ ಟವೆಲ್ ಎಲ್ಲಿತ್ತ?" ಎಂದರು ಚಾಚಿ. "ಒಂದ ಹೆಗಲ ಮ್ಯಾಗ, ಒಂದ ಗಾಡ್ಯಾಗ. ನೀ ಯಾವುದರ ಸುದ್ದಿ ಕೇಳಾಕತ್ತಿ?"

"ಕೆಂಪಂದ್ರಿ."

"ಎರಡೂ ಕೆಂಪ. ಈಗ ಎರಡೂ ಒರಸು ಅರಿವಿ ಆಗ್ಯಾವ. ಚಹಾ ಕುಡದ ಹೋಗ."

ಒಲೆಯ ಪಕ್ಕ ಒಂದು ತುಂಡು ಮಡಚಿಟ್ಟಿತ್ತು. ಚೌಕಡಿಯ ಗೆರೆಗಳಿದ್ದವು. ಬಣ್ಣ ಹೋಗಿತ್ತು.

ಮೊನ್ನೆ ಬೆಳಗಾವಿಗೆ ಹೋಗಿದ್ದು ಅಫಿಡವಿಟ್ಟಿಗೆ ಸಹಿ ಮಾಡಲು. ನನ್ನ ಪೇಟೆಂಟ್ ಏಜೆಂಟರು ಒಳ್ಳೆಯವರು, ನನ್ನ ಹಿತವನ್ನೇ ಹೇಳಿದರು: "ಮುಂಜಾನಿಂದಾನ ಇತ್ತು ಅಂತ ಬರದ್ಬಿಡ್ರಿ ಮೇಡಂ. ಅಲ್ಲಾ ಅನ್ನಾಕ ಆ ಮನಿಷ್ಯಾ ಅಂತೂ ಇಲ್ಲ."

ಇಲ್ಲ ಎಂಬುದೇ ಅಡ್ಡ ಬಂತು. ಚಾಚಾ ಇದ್ದಿದ್ದರೆ ಕೇಳುತ್ತಿದ್ದೆ. ಬಹುಶಃ ಅವರಿಗೂ ನೆನಪಿರುತ್ತಿರಲಿಲ್ಲ, ನಕ್ಕು ಇನ್ನೇನೋ ಹೇಳುತ್ತಿದ್ದರು. ಆದರೆ ಅವರಿಲ್ಲದಾಗ ಅವರ ಕೈ ಹಿಡಿದು ಬೇಕಾದ ಹೊತ್ತಿಗೆ ಬೇಕಾದ ಕಡೆ ಟವೆಲ್ ಹಾಕಿಸಲು ನನಗಾಗಲಿಲ್ಲ. ಏಜೆಂಟರ ವಾಕ್ಯವನ್ನು ಹೊಡೆದು ಹಾಕಿ ಬರೆದೆ: ನಕ್ಷೆಯ ಮೇಲೆ ಟವೆಲ್ ಇತ್ತು, ಯಾವಾಗಿನಿಂದ ಎಂದು ಹೇಳಲಾರೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿಮ್ಮ ಮರ್ಜಿರಿ" ಎಂದರು.

ಮರಳುವಾಗ ಹತ್ತರಗಿಯಲ್ಲಿ ಇಳಿದದ್ದು. ತೊಳೆದ ಕೈ ಹಿಡಿದುಕೊಂಡು ಆ ಮೊಳೆಯ ಎದುರು ನಿಂತೇ ಇದ್ದೆನೇನೋ, ಹೋಟೆಲಿನವನು ಗಲ್ಲಾಪೆಟ್ಟಿಗೆಯ ಬಳಿಯಿಂದ ಕೂಗಿದ: "ಒರಸ್ಕೊಳ್ರಿ ಅಕ್ಕಾರ, ಅದು ಅದಕ್ಕ ಐತಿ."

ಒರೆಸಿಕೊಂಡೆ.

ಪೇಟೆಂಟ್ ಕಚೇರಿಯ ಆದೇಶ ಇನ್ನೂ ಬಂದಿಲ್ಲ. ಒದ್ದೆ ಅಂಟಿನ ಮಾದರಿಯನ್ನು ಮೇವಿನ ಮೇಲಿಟ್ಟು, ಪ್ರತಿ ಉಬ್ಬಿನಲ್ಲೂ ಬ್ರೇಕ್ ಹಾಕಿ ಗೋಕಾಕದವರೆಗೆ ತಂದುಕೊಟ್ಟದ್ದಕ್ಕೆ ನಾನು ಅವರಿಗೆ ಋಣಿ, ಅದರಲ್ಲಿ ಅನುಮಾನವಿಲ್ಲ. ಟವೆಲ್ಲಿಗೂ ಋಣಿಯಾಗಿರಬೇಕೋ ಬೇಡವೋ, ಅವರು ಅದನ್ನು ನನಗಾಗಿ ಹಾಕಿದರೋ ಒಣಗಲೆಂದು ಹಾಕಿದರೋ, ಅದಕ್ಕೂ ಮೊದಲು ನಕ್ಷೆಯನ್ನು ಯಾರಾದರೂ ನೋಡಿದ್ದರೋ… ನನಗೆ ಗೊತ್ತಿಲ್ಲ.