ಕರೀ ಬಟ್ಟೆಯೊಳಗಿಂದ ಕಂಡ ಕೂಸು

ಈಗ ಹೇಳಹೊರಟಿರುವುದು ನಿಜಕ್ಕೂ ನಡೆಯಿತೋ ಇಲ್ಲವೋ, ನನಗೇ ಖಾತ್ರಿಯಿಲ್ಲ. ಕೃಷ್ಣೆಯ ನೀರಿನ ಅಂಚಿನಲ್ಲಿ ಒಂದು ಕೂಸು ಮುಗ್ಗರಿಸಿದ್ದನ್ನು ನಾನು ನೋಡಿದೆ. ಅಥವಾ ನೋಡಿದೆ ಅಂದುಕೊಂಡಿದ್ದೇನೆ. ಅಲ್ಲಿದ್ದವರೆಲ್ಲ ಹಾಗೇನೂ ಆಗಲಿಲ್ಲ ಅನ್ನುತ್ತಾರೆ. ತಲೆಯ ಮೇಲೆ ಕರೀ ಬಟ್ಟೆ ಹೊದ್ದು ನಿಂತಿದ್ದವನ ಸಾಕ್ಷಿಯನ್ನು ಯಾವ ಕೋರ್ಟು ನಂಬೀತು?

ಮೊದಲು ಆ ಬಟ್ಟೆಯ ವಿಷಯ. ಕೊಲ್ಹಾಪುರದಲ್ಲಿ ಕಾಲೇಜು ಮೇಷ್ಟ್ರಾದ ಹೊಸತರಲ್ಲಿ ಹಳೆಯ ಪ್ಲೇಟ್ ಕ್ಯಾಮೆರಾ ಒಂದನ್ನು ಕೊಂಡಿದ್ದೆ. ಮೂರು ಕಾಲಿನ ಸ್ಟ್ಯಾಂಡು, ಹಾರ್ಮೋನಿಯಂ ತಿದಿಯಂಥ ಹೊಟ್ಟೆ, ಹಿಂದುಗಡೆ ಮಬ್ಬು ಗಾಜು. ಆ ಗಾಜಿನ ಮೇಲೆ ಚಿತ್ರ ಕಾಣಬೇಕಾದರೆ ಕತ್ತಲೆ ಬೇಕು. ಅದಕ್ಕೇ ಕರೀ ಬಟ್ಟೆ. ಸ್ಟುಡಿಯೋದಲ್ಲಿ ಇದು ಸಲೀಸು. ಬಯಲಲ್ಲಿ? ಗಡಹಿಂಗ್ಲಜದ ಗುಡ್ಡದ ಮೇಲೆ ಮೊದಲ ಸಲ ಹೋದಾಗ ಗಾಳಿ ನನ್ನ ಬಟ್ಟೆಯನ್ನು ಕಿತ್ತುಕೊಂಡು ಹೋಗಿ ಪಾಪಾಸುಕಳ್ಳಿಯ ಮೇಲೆ ಹರವಿತು. (ಮುಳ್ಳು ಕೀಳುವುದರಲ್ಲೇ ಸಂಜೆಯಾಯಿತು.)

ಇದಕ್ಕೆ ದಾರಿ ತೋರಿಸಿದವನು ಇಚಲಕರಂಜಿಯ ರಾಯಪ್ಪ. (ಹೆಸರುಗಳನ್ನೆಲ್ಲ ಬದಲಿಸಿದ್ದೇನೆ.) ಪವರ್‌ಲೂಮಿನಲ್ಲಿ ಕೆಲಸ. ಒತ್ತಾಗಿ ನೇಯ್ದ ಕರೀ ಬಟ್ಟೆ ತಂದು, ನಾಲ್ಕೂ ಮೂಲೆಗೆ ಕಬ್ಬಿಣದ ವಾಶರ್ ಸೇರಿಸಿ ಹೊಲಿಸಿಕೊಟ್ಟ. ನಾನು ಓದಿದವನಲ್ಲವೇ? ಅದರ ಮೇಲೊಂದು ಸುಧಾರಣೆ ಮಾಡಿದೆ. ಬಟ್ಟೆಯ ಎರಡೂ ಅಂಚನ್ನು ಗಲ್ಲದ ಕೆಳಗೆ ಎಳೆದು ಸೇಫ್ಟಿ ಪಿನ್ನು ಹಾಕಿಕೊಳ್ಳುವುದು. ಯಾವ ಗಾಳಿಗೂ ಜಗ್ಗದು. ಬೇಗ ಹೊರಗೆ ಬರಬೇಕಾದರೆ ಹೇಗೆ? ಅದನ್ನು ಯೋಚಿಸಿರಲಿಲ್ಲ.

ಬಟ್ಟೆಗೆ ಪ್ರತಿಯಾಗಿ ರಾಯಪ್ಪ ಕೇಳಿದ್ದು ಒಂದು ಫ್ಯಾಮಿಲಿ ಫೋಟೋ. ತಮ್ಮೂರು ನೇಸರಿಯಿಂದ ಅವನ ಅಪ್ಪ, ಅವ್ವ ಗಂಗವ್ವ ಬಂದಿದ್ದರು. ಎಲ್ಲರೂ ಬಸ್ಸಿನಲ್ಲಿ ಕುರುಂದವಾಡಕ್ಕೆ, ಕೃಷ್ಣೆಯ ಸ್ನಾನಘಟ್ಟಕ್ಕೆ ಹೋದೆವು. ದಾರಿಯುದ್ದಕ್ಕೂ ಮುದುಕರದು, ಅಂದರೆ ರಾಯಪ್ಪನ ಅಪ್ಪನದು, ಒಂದೇ ರಾಗ. ರಾಯಪ್ಪನ ಹೆಂಡತಿ ಸುಶೀಲೆ ಮನೆಯಲ್ಲಿ ಕೂತು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಹಿಂದಿನ ವಾರ, ಆಗಷ್ಟೇ ನಡೆಯಲು ಕಲಿತಿದ್ದ ಅವರ ಕೂಸು ಒಲೆಗೆ ಕೈ ತಾಗಿಸಿ ಸುಟ್ಟುಕೊಂಡಿತ್ತು.

"ಈಕಿ ಲಕ್ಷ್ಯ ಎಲ್ಲಾ ಕಂಡಿಕಿ ಮ್ಯಾಲೆ. ಕೂಸಿನ ಯಾರ ನೋಡಬೇಕು? ಇನ್ನೊಮ್ಮೆ ಹಿಂಗಾತಂದ್ರ ನಾ ಅವನ್ನ ನೇಸರಿಗೆ ಕರ್ಕೊಂಡ ಹೋಗಾಂವ. ಈಕಿ ಸುತ್ತಕೋತ ಕುಂದರಲಿ!"

ರಾಯಪ್ಪ ಕಿಟಕಿಯಾಚೆ ನೋಡಿದ. ಸುಶೀಲೆ ಕೂಸನ್ನು ಇನ್ನಷ್ಟು ಅವಚಿಕೊಂಡಳು. ಆಡಿದ್ದನ್ನು ಮಾಡಿಯೇ ತೀರುವ ಮನುಷ್ಯ ಅವರೆಂದು ಎಲ್ಲರಿಗೂ ಗೊತ್ತಿತ್ತು.

ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿದೆ. ನನ್ನ ಬಲಕ್ಕೆ ನದಿ. ಆ ತುದಿಗೆ ಗಂಗವ್ವ, ಅವಳ ಪಕ್ಕ ಸುಶೀಲೆ ಮತ್ತು ಕೂಸು.

"ಅಲ್ಲಾಡಬ್ಯಾಡ್ರಿ. ಎಲ್ಲಾರೂ ಕ್ಯಾಮೆರಾದ ಕಡೆನ ನೋಡ್ರಿ" ಎಂದು ಬಟ್ಟೆಯೊಳಗೆ ಹೊಕ್ಕೆ. ಪಿನ್ನು ಹಾಕಿಕೊಂಡೆ.

ಒಳಗೆ ಧಗೆ, ಬೆವರು, ನನ್ನದೇ ಉಸಿರಿನ ಸದ್ದು. ಗಾಜಿನ ಮೇಲೆ ಜಗತ್ತು ತಲೆಕೆಳಗು. ಮನುಷ್ಯರು ಬಾವಲಿಗಳಂತೆ ಜೋತಾಡುತ್ತಿದ್ದರು. ಸುಶೀಲೆ ಸೆರಗು ಸರಿಮಾಡಿಕೊಳ್ಳಲು ಕೂಸನ್ನು ಕೆಳಗಿಟ್ಟಳು. ಫೋಕಸಿನ ತಿರುಪು ತಿರುಗಿಸುತ್ತಿದ್ದೆ. ಗಾಜಿನ ಎಡ ಅಂಚಿನಲ್ಲಿ ಕಾಲು ಮೇಲಾದ ಪುಟ್ಟ ಆಕೃತಿಯೊಂದು ತಟತಟ ಹೋಯಿತು. ಹೊಳೆಯುವ ನೀರಿನೊಳಕ್ಕೆ ಮುಗ್ಗರಿಸಿತು.

"ಕೂಸು!" ಅಂತ ಕಿರುಚಿ ಹೊರಬಿದ್ದೆ. ಬಟ್ಟೆ ಬಿಡಲಿಲ್ಲ, ಮುಖದ ಮೇಲೇ ಬಿತ್ತು. ಎಡಕ್ಕೆ ಓಡಿದೆ. ಗಾಜಿನಲ್ಲಿ ಎಡಕ್ಕೆ ಕಂಡದ್ದು ನಿಜದಲ್ಲಿ ಬಲಕ್ಕಿರುತ್ತದೆ. ಇದನ್ನು ನಾನು ಕ್ಲಾಸಿನಲ್ಲಿ ಪಾಠ ಮಾಡುವವನು! ನದಿಗೆ ಬೆನ್ನು ಹಾಕಿ, ಯಾರದೋ ಒಗೆದ ಬಟ್ಟೆಯ ರಾಶಿಗೆ ಎಡವಿ ಬಿದ್ದೆ. "ಕಾಯ ಝಾಲಂ ಮಾಸ್ತರ?" ಏನಾಯಿತೆಂದು ಮರಾಠಿಯಲ್ಲಿ ಕೇಳಿ, ಒಗೆಯುತ್ತಿದ್ದ ಹೆಂಗಸರು ನಕ್ಕರು. ಪಿನ್ನು ಬೆರಳಿಗೆ ಚುಚ್ಚಿತು.

ಬಿಡಿಸಿಕೊಂಡು ತಿರುಗಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಕೂಸು ಸುಶೀಲೆಯ ಸೆರಗಿನೊಳಗೆ ಸುತ್ತಿಕೊಂಡು ಕೂತಿದೆ. ಗಂಗವ್ವ ತನ್ನ ಜಾಗದಲ್ಲೇ ಇದ್ದಾಳೆ.

"ಏನಾತ್ರಿ?" ಮುದುಕರು ಕೇಳಿದರು.

"ಕೂಸು ನೀರಿಗೆ..."

"ಕೂಸ ಇಲ್ಲೇ ಐತಲ್ರಿ ಸರ!" ಗಂಗವ್ವ ತಡೆದಳು. "ಬಿಸಲಿಗೆ ಕಣ್ಣ ಕತ್ತಲಿ ಬಂದಿರಬೇಕು. ಲಗೂ ಫೋಟೋ ತಗೀರಿ."

ಫೋಟೋ ತೆಗೆದೆ. ಪ್ರಿಂಟ್ ಬಂದಾಗ ಎಲ್ಲರ ಹಾಗೆ ನಾನೂ ಮುಖಗಳನ್ನಷ್ಟೇ ನೋಡಿದೆ. ಯಾರ ಕಣ್ಣೂ ಮುಚ್ಚಿರಲಿಲ್ಲ. ಇನ್ನೇನು ಬೇಕು?

ಆದರೆ ಆ ತಲೆಕೆಳಗಾದ ಕೂಸು ನನ್ನನ್ನು ಬಿಡಲಿಲ್ಲ. ಬೆವರು ಕಣ್ಣಿಗಿಳಿದಿತ್ತೇ? ನೀರಿನ ಮಿಂಚನ್ನು ಕೂಸೆಂದು ತಿಳಿದೆನೇ? ಅಥವಾ ಬಸ್ಸಿನಲ್ಲಿ ಕೇಳಿದ ಮಾತಿಗೆ ಹೆದರಿ, ಹೆದರಿದ್ದನ್ನೇ ಕಂಡೆನೇ? ವಿಶ್ವವಿದ್ಯಾಲಯ ನನಗೆ ಅನುಮಾನ ಪಡುವುದನ್ನು ಕಲಿಸಿತು, ಎಲ್ಲಿ ನಿಲ್ಲಿಸಬೇಕೆಂದು ಕಲಿಸಲಿಲ್ಲ. ಈಗಲೂ ಯಾರ ಮಗುವಾದರೂ ಬಾವಿಯ ಹತ್ತಿರ ಸುಳಿದರೆ, ಎದ್ದು ಓಡಬೇಕಾದ ದಿಕ್ಕು ಯಾವುದೆಂದು ಮೊದಲೇ ನೋಡಿಟ್ಟುಕೊಳ್ಳುತ್ತೇನೆ.

ಹೋದ ವಾರ ಇಚಲಕರಂಜಿಗೆ ಹೋಗಿದ್ದೆ. ರಾಯಪ್ಪನ ಅಪ್ಪ ಈಗಿಲ್ಲ; ಗಂಗವ್ವ ಮಗನ ಮನೆಯಲ್ಲೇ ಇದ್ದಾಳೆ. ಕೂಸು ಅಲ್ಲೇ, ಅವ್ವನ ಮಡಿಲಲ್ಲೇ ಬೆಳೆದು ಶಾಲೆಗೆ ಹೋಗುತ್ತಿದೆ. ರಾಯಪ್ಪ ಮಗನಿಗೆ ನನ್ನ ಕಥೆ ಹೇಳಿದ: "ಕರಡಿ ಓಡಿದಂಗ ಓಡಿದ್ರಪ್ಪಾ ಸರ! ನಾವೆಲ್ಲಾ ಅವರನ್ನ ನೋಡಿ ನಕ್ಕಿದ್ದ ನಕ್ಕಿದ್ದು."

"ನಾ ಅವನ್ನ ತೊಡಿ ಬಿಟ್ಟು ಇಳಿಸೇ ಇಲ್ಲ" ಅಂದಳು ಸುಶೀಲೆ, ನೆಲ ನೋಡುತ್ತ. ಗಂಗವ್ವ ಮಾತ್ರ ನಗಲಿಲ್ಲ.

ಗೋಡೆಯ ಮೇಲೆ ನನ್ನ ಫೋಟೋ ಇತ್ತು. ಆದರೆ ಅರ್ಧ! ಎಲ್ಲರೂ ತೊಡೆಯವರೆಗೆ ಮಾತ್ರ. ನನಗೆ ಸಿಟ್ಟು ಬಂತು.

"ಇದನ್ನ ಯಾರು ಕತ್ತರಿಸಿದ್ದು?"

"ಅವ್ವರೀ. ಫ್ರೇಮಿನಾಂವಗ ತಾನ ಹೇಳಿ ಕಟ್ ಮಾಡಿಸ್ಯಾಳ" ಅಂದ ರಾಯಪ್ಪ.

"ಮಕಾ ಕಂಡ್ರ ಸಾಕಲ್ರಿ" ಅಂದಳು ಗಂಗವ್ವ, ಚಹಾದ ಬಸಿಯನ್ನು ನನ್ನತ್ತ ಸರಿಸುತ್ತ. "ಕಾಲ ಏನ್ ಮಾಡೂದೈತಿ?"

ಮನೆಗೆ ಬಂದವನೇ ಟ್ರಂಕಿನಿಂದ ಹಳೇ ಪ್ಲೇಟು ತೆಗೆದೆ. ಇಡೀ ಚಿತ್ರದ ಹೊಸ ಪ್ರಿಂಟ್ ಮಾಡಿ, ಭೂತಗನ್ನಡಿ ಹಿಡಿದು ಮೊದಲ ಸಲ ಮುಖಗಳನ್ನು ಬಿಟ್ಟು ಕೆಳಗೆ ನೋಡಿದೆ.

ಗಂಗವ್ವನ ಸೀರೆ ಮೊಣಕಾಲಿನವರೆಗೂ ಒದ್ದೆಯಾಗಿತ್ತು.